30×40 ಮನೆಗೆ ಓಸಿ ಬೇಡ ಅಂದ್ರೆ ಎಲ್ಲ ಮಹಡಿಯೂ ಸಕ್ರಮ ಅಂತಲ್ಲ: ಮನೆ ಕೊಳ್ಳುವ ಮುಂಚೆ ನೋಡಬೇಕಾದ ಲೆಕ್ಕ

ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆ ಮನೆ ಹುಡುಕಲು ಹೊರಟವರ ಕಿವಿಗೆ ಈಗ ಮೂರು ಮಾತು ತಪ್ಪದೆ ಬೀಳುತ್ತವೆ. ‘ಸಾರ್, 30×40ಗೆ ಓಸಿ ಬೇಡ ಅಂತ ಸರ್ಕಾರವೇ ಹೇಳಿದೆ.’ ‘ಬಿ ಖಾತಾ ಆದ್ರೂ ಚಿಂತೆ ಇಲ್ಲ, ಎ ಖಾತಾ ಮಾಡಿಸ್ಕೋಬಹುದು.’ ‘ಇ-ಖಾತಾ ಬಂದಿದೆ, ಪೇಪರ್ ಎಲ್ಲಾ ಕ್ಲಿಯರ್.’

ಮೂರೂ ಮಾತಿನಲ್ಲಿ ನಿಜ ಇದೆ, ಆದರೆ ಪೂರ್ತಿ ಇಲ್ಲ. ಉಳಿದ ಭಾಗ ಗೊತ್ತಿಲ್ಲದೆ ಟೋಕನ್ ಕೊಟ್ಟರೆ ನಷ್ಟ ಆಗೋದು ಬ್ರೋಕರ್‌ಗೂ ಅಲ್ಲ, ಮಾರಿದವರಿಗೂ ಅಲ್ಲ, ಕೊಂಡವರಿಗೆ. ಅದರಲ್ಲೂ ಮೇಲಿನ ಮಹಡಿಗಳ ಬಾಡಿಗೆ ನಂಬಿಕೊಂಡು ಸಾಲ ಮಾಡುವವರಿಗೆ. ನಮ್ಮ ಭಾಗದಲ್ಲಿ ಮನೆ ಕೊಳ್ಳೋರಲ್ಲಿ ಹೆಚ್ಚಿನವರು ಮಾಡೋ ಲೆಕ್ಕ ಅದೇ: ಒಂದು ಮಹಡಿ ನಮಗೆ, ಉಳಿದದ್ದರ ಬಾಡಿಗೆ ಕಂತಿಗೆ. ಆ ಬಾಡಿಗೆ ತರುವ ಮಹಡಿಯೇ ಕಾನೂನಿನ ಹೊರಗಿದ್ದರೆ ಕಂತಿನ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ. ಕಳೆದ ಒಂದೆರಡು ವರ್ಷದಲ್ಲಿ ನಿಯಮಗಳು ಏನೇನು ಬದಲಾಗಿವೆ, ಅದರಿಂದ ನಿಮ್ಮ ಜೇಬಿಗೆ ಏನಾಗುತ್ತೆ, ಒಂದೊಂದಾಗಿ ನೋಡೋಣ.

ಏನೇನು ಬದಲಾಯಿತು

2024ರ ಅಕ್ಟೋಬರ್‌ನಿಂದ ನಗರದಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. ಮೊದಲಿನ ಹಾಗೆ ಕೈಬರಹದ ಖಾತಾ ಜೆರಾಕ್ಸ್ ಹಿಡಿದುಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದರೆ ಕೆಲಸ ಆಗಲ್ಲ.

2024ರ ಡಿಸೆಂಬರ್ 17ರಂದು ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಅನ್ವಯವಾಗುವ ನಿರ್ದೇಶನ ಕೊಟ್ಟಿತು. ಸ್ವಾಧೀನ ಪತ್ರ, ಅಂದರೆ ಓಸಿ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡಬಾರದು, ಬ್ಯಾಂಕುಗಳೂ ಓಸಿ ನೋಡಿಯೇ ಸಾಲ ಕೊಡಬೇಕು ಅನ್ನೋದು ಅದರ ಸಾರ. ಅದರ ಬಿಸಿ ಇಲ್ಲಿಗೆ ತಟ್ಟಿದ್ದು 2025ರ ಏಪ್ರಿಲ್‌ನಲ್ಲಿ. ಬೆಸ್ಕಾಂ ಓಸಿ ಇಲ್ಲದ ಹೊಸ ಕಟ್ಟಡಗಳಿಗೆ ಮೀಟರ್ ಕೊಡೋದನ್ನು ನಿಲ್ಲಿಸಿತು. ಮನೆ ಕಟ್ಟಿ ಮುಗಿಸಿ, ಗೃಹಪ್ರವೇಶಕ್ಕೆ ದಿನ ನೋಡಿದ್ದವರು ಕಟ್ಟೋ ಕಾಲದ ತಾತ್ಕಾಲಿಕ ಕರೆಂಟಿನಲ್ಲೇ ದಿನ ದೂಡಬೇಕಾಯಿತು.

ಒತ್ತಡ ಹೆಚ್ಚಾದ ಮೇಲೆ, 2025ರ ಅಕ್ಟೋಬರ್ ಹೊತ್ತಿಗೆ ರಾಜ್ಯ ಸರ್ಕಾರ ಸಣ್ಣ ಮನೆಗಳಿಗೆ ವಿನಾಯಿತಿ ಕೊಟ್ಟಿತು. 1,200 ಚದರಡಿವರೆಗಿನ ಸೈಟಿನಲ್ಲಿ ಕಟ್ಟಿದ, ನೆಲಮಹಡಿ ಮತ್ತು ಎರಡು ಮಹಡಿ, ಅಥವಾ ಸ್ಟಿಲ್ಟ್ ಪಾರ್ಕಿಂಗ್ ಮತ್ತು ಮೂರು ಮಹಡಿ ಇರುವ ವಾಸದ ಮನೆಗೆ ಓಸಿ ಬೇಕಿಲ್ಲ.

ಇದರ ನಡುವೆ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಸೆಪ್ಟೆಂಬರ್ 2ಕ್ಕೆ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳು ಬಂದವು. ರಾಜಾಜಿನಗರ, ವಿಜಯನಗರ, ಗೋವಿಂದರಾಜನಗರದವರು ಈಗ ಬೆಂಗಳೂರು ಪಶ್ಚಿಮ ನಗರ ಪಾಲಿಕೆಗೆ ಸೇರಿದವರು. ನವೆಂಬರ್ 1ರಿಂದ ಬಿ ಖಾತಾ ಸೈಟುಗಳನ್ನು ಎ ಖಾತಾ ಮಾಡಿಕೊಡುವ 100 ದಿನದ ಅಭಿಯಾನ ಶುರುವಾಯಿತು. ಆಗ ನಿಗದಿ ಮಾಡಿದ ಶುಲ್ಕ ಸೈಟಿನ ಮಾರ್ಗಸೂಚಿ ಬೆಲೆಯ ಶೇ 5. ನೀವು ಅರ್ಜಿ ಹಾಕೋ ದಿನ ಶುಲ್ಕ ಎಷ್ಟಿದೆ, ಕೊನೆ ದಿನ ಯಾವುದು ಅನ್ನೋದನ್ನು ಪಾಲಿಕೆ ಕಚೇರಿಯಲ್ಲೇ ಕೇಳಿಕೊಳ್ಳಿ.

ಒಂದೇ ರಸ್ತೆ, ಬೇರೆ ಬೇರೆ ಕಾಗದ

ಪಶ್ಚಿಮ ಬೆಂಗಳೂರಿನ ಆಸ್ತಿ ಕಾಗದಗಳೆಲ್ಲ ಒಂದೇ ಥರ ಇಲ್ಲ, ಅದಕ್ಕೆ ಕಾರಣ ಬಡಾವಣೆಗಳು ಹುಟ್ಟಿದ ರೀತಿ. ರಾಜಾಜಿನಗರ 1949ರಲ್ಲಿ ಶುರುವಾದ ಬಡಾವಣೆ. ರಾಜಾಜಿನಗರ, ವಿಜಯನಗರದ ಹಳೆ ಭಾಗಗಳ ಸೈಟುಗಳನ್ನು ಹಂಚಿದ್ದು ಆಗಿನ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ. 1976ರಲ್ಲಿ ಅದರ ಜಾಗಕ್ಕೆ ಬಿಡಿಎ ಬಂತು. ಇಂಥ ಸೈಟಿಗೆ ಹಂಚಿಕೆ ಪತ್ರ, ಸ್ವಾಧೀನ ಪತ್ರ, ಕ್ರಯಪತ್ರ ಒಂದರ ಹಿಂದೆ ಒಂದು ಇರುತ್ತವೆ. ಖಾತಾ ಸಾಮಾನ್ಯವಾಗಿ ‘ಎ’ ಇರುತ್ತೆ. ಇಲ್ಲಿ ತೊಡಕು ಬರೋದು ಬೇರೆ ಕಡೆಯಿಂದ: ಒಡೆಯರು ತೀರಿಕೊಂಡು ಮಕ್ಕಳ ನಡುವೆ ಪಾಲಾದ ಕಡೆ, ಮತ್ತು ಹಳೇ ಮನೆ ಕೆಡವಿ ನಕ್ಷೆ ಮೀರಿ ಮಹಡಿ ಏರಿಸಿದ ಕಡೆ.

ಕೆಂಗೇರಿಯ ಕಥೆ ಬೇರೆ. 2007ರಲ್ಲಿ ಬಿಬಿಎಂಪಿ ಆದಾಗ ಏಳು ನಗರಸಭೆ, 110 ಹಳ್ಳಿಗಳ ಜೊತೆ ಸೇರಿದ ಒಂದೇ ಒಂದು ಪುರಸಭೆ ಕೆಂಗೇರಿ. ಹಾಗಾಗಿ ಅಲ್ಲಿ ಬಿಡಿಎ ಸೈಟು, ಗೃಹನಿರ್ಮಾಣ ಸಹಕಾರ ಸಂಘದ ಸೈಟು, ಹಳೇ ಪುರಸಭೆ ಖಾತಾ, ಪಂಚಾಯಿತಿ ಖಾತಾ, ಕೃಷಿ ಜಮೀನನ್ನು ಪರಿವರ್ತನೆ ಮಾಡಿಸದೆ ಕತ್ತರಿಸಿ ಮಾರಿದ ರೆವಿನ್ಯೂ ಸೈಟು, ಎಲ್ಲವೂ ಅಕ್ಕಪಕ್ಕದಲ್ಲೇ ಇವೆ. ಮೆಟ್ರೊ 2021ರಲ್ಲಿ ಕೆಂಗೇರಿಗೆ, 2023ರಲ್ಲಿ ಚಲ್ಲಘಟ್ಟಕ್ಕೆ ಮುಟ್ಟಿದ ಮೇಲೆ ಈ ಸೈಟುಗಳ ಬೆಲೆ ಏರಿತು. ಕಾಗದ ಇದ್ದಲ್ಲೇ ಇತ್ತು.

ಮಾಗಡಿ ರಸ್ತೆ, ಮೈಸೂರು ರಸ್ತೆ ನಡುವಿನ ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ ಸಮಸ್ಯೆ ಮತ್ತೊಂದು. ಬಿಡಿಎ 2016ರಲ್ಲೇ ಮೊದಲ ಹಂತದ 5,000 ಸೈಟು ಹಂಚಿತು. ಕಾಗದ ಶುದ್ಧವಾಗಿದ್ದರೂ ರಸ್ತೆ, ನೀರು, ಕರೆಂಟಿಗಾಗಿ ಹಂಚಿಕೆದಾರರು ವರ್ಷಗಟ್ಟಲೆ ಕಾಯಬೇಕಾಯಿತು. ಕಾಗದ ಸರಿ ಇದ್ದ ಮಾತ್ರಕ್ಕೆ ನಾಳೆ ಮನೆ ಕಟ್ಟಬಹುದು ಅಂತಲ್ಲ. ಹಾಗೇ ಬಿಡಿಎ ಹಂಚಿಕೆಯ ಸೈಟು ಗುತ್ತಿಗೆ-ಕ್ರಯ ಕರಾರಿನ ಅವಧಿಯಲ್ಲಿದ್ದರೆ ಹಂಚಿಕೆದಾರರು ಮಾರುವಂತಿಲ್ಲ. ಶುದ್ಧ ಕ್ರಯಪತ್ರ ಆಗಿದೆಯಾ ಕೇಳಿ.

ಖಾತಾ ಅಂದ್ರೆ ಹಕ್ಕುಪತ್ರ ಅಲ್ಲ

ಜನ ಹೆಚ್ಚು ಮೋಸ ಹೋಗೋದು ಇಲ್ಲೇ. ಖಾತಾ ಅನ್ನೋದು ಪಾಲಿಕೆಯ ತೆರಿಗೆ ಪುಸ್ತಕದಲ್ಲಿ ಆ ಆಸ್ತಿ ಯಾರ ಹೆಸರಲ್ಲಿದೆ ಅಂತ ಬರೆದಿಟ್ಟ ದಾಖಲೆ. ಒಡೆತನ ಬರೋದು ನೋಂದಣಿಯಾದ ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಇಲ್ಲವೇ ಉತ್ತರಾಧಿಕಾರದಿಂದ. ಇ-ಖಾತಾ ಬಂದಿದ್ದರಿಂದ ಒಂದು ದೊಡ್ಡ ಅನುಕೂಲ ಆಗಿದೆ. ಆಸ್ತಿ ತೆರಿಗೆಯ ನಂಬರು, ಆಧಾರ್, ಕ್ರಯಪತ್ರದ ವಿವರ, ಕಟ್ಟಡದ ಫೋಟೊ ಒಂದೇ ಕಡೆ ಸೇರಿರೋದರಿಂದ ಒಂದೇ ಸೈಟನ್ನು ಇಬ್ಬರಿಗೆ ಮಾರೋದು ಕಷ್ಟ. ಆದರೂ ಹಿಂದಿನ ಕ್ರಯಪತ್ರದಲ್ಲೇ ದೋಷ ಇದ್ದರೆ ಇ-ಖಾತಾ ಅದನ್ನು ತೊಳೆಯಲ್ಲ.

ಬಿ ಖಾತಾದಿಂದ ಎ ಖಾತಾ ಆಗೋದರಲ್ಲೂ ಇದೇ ಎಚ್ಚರ ಬೇಕು. ಈ ಯೋಜನೆಯಲ್ಲಿ ಸರಿ ಮಾಡಿಕೊಡ್ತಿರೋದು ಸೈಟನ್ನು. ಅದರ ಮೇಲೆ ನಕ್ಷೆ ಇಲ್ಲದೆ ಎದ್ದ ಕಟ್ಟಡವನ್ನಲ್ಲ. ಕಟ್ಟಡದ ಉಲ್ಲಂಘನೆ ಸಕ್ರಮ ಮಾಡಲು ತಂದ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತ್ತು. ಹಾಗಾಗಿ ‘ಎ ಖಾತಾ ಆಯ್ತು, ಇನ್ನೇನು’ ಅಂದವರಿಗೆ ‘ನಕ್ಷೆ ತೋರಿಸಿ’ ಅಂತ ಕೇಳಿ.

ಮಾರೋರು ಬಿ ಖಾತಾ ಸೈಟನ್ನು ‘ನೀವೇ ಎ ಮಾಡಿಸ್ಕೊಳ್ಳಿ’ ಅಂತ ಕೊಟ್ಟರೆ ಆ ಶುಲ್ಕವನ್ನು ಬೆಲೆಯಲ್ಲಿ ಕಳೆಯಿರಿ. ಸೈಟಿನ ಮಾರ್ಗಸೂಚಿ ಬೆಲೆ 60 ಲಕ್ಷ ಆದರೆ ಶೇ 5 ಅಂದ್ರೆ 3 ಲಕ್ಷ. ಇನ್ನೂ ಒಳ್ಳೇದು, ಅವರೇ ಮಾಡಿಸಿ ಕೊಡಲಿ, ಅಮೇಲೆ ನೋಂದಣಿ ಆಗಲಿ. ಯಾಕಂದ್ರೆ ಅರ್ಜಿ ಹಾಕಿದವರಿಗೆಲ್ಲ ಎ ಖಾತಾ ಸಿಕ್ಕೇ ಸಿಗುತ್ತೆ ಅನ್ನೋ ಖಾತ್ರಿ ಇಲ್ಲ. ರಾಜಕಾಲುವೆ ಬಫರ್, ಕೆರೆ ಅಂಗಳ, ಸರ್ಕಾರಿ ಜಾಗದ ಮೇಲಿರೋ ಸೈಟಿಗೆ ಯಾವ ಅಭಿಯಾನದಲ್ಲೂ ದಾರಿ ಇಲ್ಲ. ವೃಷಭಾವತಿಗೆ ಸೇರುವ ಕಾಲುವೆಗಳು ನಮ್ಮ ಭಾಗದ ಉದ್ದಕ್ಕೂ ಇವೆ, ಹಳೇ ಗ್ರಾಮನಕ್ಷೆ ಒಂದು ಸಲ ನೋಡಿಸಿ.

ಜಿಪಿಎ ಮೇಲೆ ಮಾರ್ತೀವಿ ಅಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಜಿಪಿಎ ಮತ್ತು ಕರಾರು ಪತ್ರ ಇಟ್ಟುಕೊಂಡರೆ ಒಡೆತನ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟ ಮಾಡಿದೆ.

ಓಸಿ ವಿನಾಯಿತಿ ಯಾರಿಗೆ ಸಿಗುತ್ತೆ, ಯಾರಿಗೆ ಸಿಗಲ್ಲ

ಆದೇಶವನ್ನು ಅಕ್ಷರ ಅಕ್ಷರ ಓದಿ. ಸೈಟು 1,200 ಚದರಡಿ ಒಳಗಿರಬೇಕು. ಮಹಡಿ ಎಣಿಕೆ ಮೀರಬಾರದು. ವಾಸದ ಮನೆ ಆಗಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ವಿನಾಯಿತಿ ಇಲ್ಲ.

ಈಗ ನಮ್ಮ ರಸ್ತೆಗಳಲ್ಲಿ ನಿಂತು ತಲೆ ಎತ್ತಿ ನೋಡಿ. 20×30, 30×40 ಸೈಟಿನಲ್ಲಿ ನೆಲಮಹಡಿ ಮೇಲೆ ಮೂರು, ಅದರ ಮೇಲೆ ಒಂದು ಪೆಂಟ್‌ಹೌಸು. ಇಂಥವು ಎಷ್ಟೋ ಇವೆ. ನೆಲಮಹಡಿ ಸೇರಿ ನಾಲ್ಕು ಮಹಡಿ ಆದರೆ, ಕೆಳಗೆ ಸ್ಟಿಲ್ಟ್ ಪಾರ್ಕಿಂಗ್ ಇಲ್ಲದಿದ್ದರೆ, ಅದು ವಿನಾಯಿತಿಯ ಹೊರಗೆ. ಅಂಥ ಕಟ್ಟಡಕ್ಕೆ ಓಸಿ ಬೇಕು, ಓಸಿ ಸಿಗೋದು ಮಂಜೂರಾದ ನಕ್ಷೆ ಪ್ರಕಾರ ಕಟ್ಟಿದ್ದರೆ ಮಾತ್ರ. ಅಕ್ಕಪಕ್ಕ ಬಿಡಬೇಕಾದ ಜಾಗ ಬಿಡದೆ ಕಟ್ಟಿದ ಮನೆಗೆ ಅದು ಸುಲಭಕ್ಕೆ ಸಿಗಲ್ಲ.

ಇನ್ನು ವಿನಾಯಿತಿ ಸಿಕ್ಕಿರೋದು ಓಸಿಗೆ, ನಕ್ಷೆಗಲ್ಲ. ಸಣ್ಣ ಸೈಟಿಗೆ ನಕ್ಷೆ ಪಡೆಯೋದು ಈಗ ಮೊದಲಿನಷ್ಟು ಕಷ್ಟವೂ ಇಲ್ಲ. 2024ರಲ್ಲಿ ಬಂದ ‘ನಂಬಿಕೆ ನಕ್ಷೆ’ ವ್ಯವಸ್ಥೆಯಲ್ಲಿ ನೋಂದಾಯಿತ ವಾಸ್ತುಶಿಲ್ಪಿ, ಎಂಜಿನಿಯರ್ ಮೂಲಕ ಆನ್‌ಲೈನ್‌ನಲ್ಲೇ ತಾತ್ಕಾಲಿಕ ಮಂಜೂರಾತಿ ಪಡೆಯಬಹುದು.

ಅಂಗಡಿಯವರಿಗೆ ಒಂದು ಮಾತು. ಮನೆ ಕೆಳಗೆ ಶಟರ್ ಹಾಕಿ ಅಂಗಡಿ ಮಾಡೋದು ನಮ್ಮ ಕಡೆ ಹೊಸದಲ್ಲ. ಆದರೆ ಪಾರ್ಕಿಂಗ್ ಅಂತ ನಕ್ಷೆಯಲ್ಲಿ ತೋರಿಸಿದ ಸ್ಟಿಲ್ಟ್‌ಗೆ ಶಟರ್ ಬಿದ್ದ ದಿನವೇ ಅದು ಸ್ಟಿಲ್ಟ್ ಆಗಿ ಉಳಿಯಲ್ಲ, ಕಟ್ಟಡವೂ ಪೂರ್ತಿ ವಾಸದ್ದಾಗಿ ಉಳಿಯಲ್ಲ. ಅಂಗಡಿಗೆ ಬೆಸ್ಕಾಂನ ವಾಣಿಜ್ಯ ಮೀಟರ್ ಬೇಕು, ಆಸ್ತಿ ತೆರಿಗೆಯೂ ವಾಸೇತರ ದರಕ್ಕೆ ಹೋಗುತ್ತೆ. ಅಂಗಡಿ ಸಮೇತ ಮನೆ ಕೊಳ್ಳೋರು ಹಳೇ ತೆರಿಗೆ ರಸೀದಿಯಲ್ಲಿ ಅಂಗಡಿಯನ್ನು ಅಂಗಡಿ ಅಂತಲೇ ತೋರಿಸಿದ್ದಾರಾ ನೋಡಿ. ಮನೆ ಅಂತ ತೋರಿಸಿ ಕಡಿಮೆ ತೆರಿಗೆ ಕಟ್ಟಿದ್ದರೆ, ಪಾಲಿಕೆ ಆ ವ್ಯತ್ಯಾಸವನ್ನು ದಂಡ, ಬಡ್ಡಿ ಸಮೇತ ಕೇಳೋದು ಆಸ್ತಿ ಈಗ ಯಾರ ಹೆಸರಲ್ಲಿದೆಯೋ ಅವರನ್ನ.

ಈಗಾಗಲೇ ಮೀಟರ್ ಇರೋ ಹಳೇ ಮನೆಯಲ್ಲಿ ವಾಸ ಇರೋರಿಗೆ ತಕ್ಷಣ ತೊಂದರೆ ಏನಿಲ್ಲ. ಇಕ್ಕಟ್ಟಾಗೋದು ಕೆಡವಿ ಹೊಸದಾಗಿ ಕಟ್ಟುವಾಗ, ಮೇಲೊಂದು ಮಹಡಿ ಏರಿಸಿ ಹೊಸ ಮೀಟರ್ ಕೇಳುವಾಗ, ಬ್ಯಾಂಕ್ ಸಾಲಕ್ಕೆ ಹೋದಾಗ, ಮತ್ತೆ ಮಾರಲು ನಿಂತಾಗ. ಅದಕ್ಕೇ ಕೊಳ್ಳುವಾಗಲೇ ಕಟ್ಟಡವನ್ನು ಎರಡು ಭಾಗ ಮಾಡಿ ಬೆಲೆ ಕಟ್ಟಿ. ನಕ್ಷೆಯಲ್ಲಿರೋ ಮಹಡಿಗೆ ಒಂದು ಬೆಲೆ. ನಕ್ಷೆಯಲ್ಲಿಲ್ಲದ ಮಹಡಿಗೆ ಬೆಲೆ ಕೊಡಲೇಬೇಡಿ. ಅದರಿಂದ ಬರೋ ಬಾಡಿಗೆಯನ್ನು ಕಂತಿನ ಲೆಕ್ಕಕ್ಕೆ ಸೇರಿಸಬೇಡಿ. ಬಂದರೆ ಬಂತು, ನಿಂತರೆ ಮನೆ ಮುಳುಗಬಾರದು.

ಟೋಕನ್ ಕೊಡುವ ಮುಂಚೆ

ಕೆಳಗಿನ ಕ್ರಮದಲ್ಲೇ ನೋಡಿದರೆ ಖರ್ಚೂ ಕಡಿಮೆ, ಸಮಯವೂ ಉಳಿಯುತ್ತೆ. ಮೊದಲ ಎರಡಕ್ಕೆ ವಕೀಲರೂ ಬೇಕಿಲ್ಲ.

1. ಇ-ಖಾತಾ: ನಂಬರು ಕೇಳಿ ತಗೊಳ್ಳಿ. ಎ ಇದೆಯಾ ಬಿ ಇದೆಯಾ, ಹೆಸರು ಕ್ರಯಪತ್ರದಲ್ಲಿ ಇದ್ದ ಹಾಗೇ ಇದೆಯಾ, ಸೈಟಿನ ಅಳತೆ ಮತ್ತು ಚಕ್ಕುಬಂದಿ ಹೊಂದುತ್ತಾ ನೋಡಿ. ಹೆಸರಿನ ಒಂದು ಅಕ್ಷರ ತಪ್ಪಿದ್ದರೂ ತಿದ್ದಿಸಿಕೊಳ್ಳೋ ಜವಾಬ್ದಾರಿ ಮಾರೋರದ್ದು.

2. ಋಣಭಾರ ಪತ್ರ (ಇಸಿ): ಕಾವೇರಿ ಪೋರ್ಟಲ್‌ನಲ್ಲಿ ಸಿಗೋದು 2004ರ ಏಪ್ರಿಲ್‌ನಿಂದ ಈಚೆಗಿನದು. ಅದಕ್ಕೆ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬೇರೆಯಾಗಿ ಅರ್ಜಿ ಹಾಕಬೇಕು. ಒಟ್ಟು 30 ವರ್ಷದ್ದು ತೆಗೆಸಿ. 2004ರಿಂದ ಈಚೆಗಿನದು ಮಾತ್ರ ತೋರಿಸಿ ‘ಕ್ಲೀನ್ ಇದೆ’ ಅಂದರೆ ಒಪ್ಪಬೇಡಿ.

3. ಕುಟುಂಬ: ರಾಜಾಜಿನಗರ, ವಿಜಯನಗರದ ಹಳೇ ಮನೆಗಳಲ್ಲಿ ಇದೇ ದೊಡ್ಡ ವಿಷಯ. ಸೈಟು ತಂದೆ ಹೆಸರಲ್ಲಿ ಹಂಚಿಕೆಯಾಗಿ, ಅವರು ಉಯಿಲು ಬರೆಯದೆ ತೀರಿಕೊಂಡಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತ ಆಸ್ತಿಯಾದರೆ 2005ರ ತಿದ್ದುಪಡಿ, ಅದರ ಮೇಲೆ 2020ರ ಸುಪ್ರೀಂ ಕೋರ್ಟ್ ತೀರ್ಪು ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಇದೆ ಅಂತ ಹೇಳಿವೆ. ‘ಅಕ್ಕನ ಮದುವೆ ಆಗಿ ಮೂವತ್ತು ವರ್ಷ ಆಯ್ತು, ಅವರೇನೂ ಕೇಳಲ್ಲ’ ಅನ್ನೋ ಮಾತು ಕೋರ್ಟಿನಲ್ಲಿ ನಿಲ್ಲಲ್ಲ. ವಂಶವೃಕ್ಷ ತರಿಸಿ, ಪಾಲುಳ್ಳವರೆಲ್ಲರ ಸಹಿ ಇರಲಿ, ಇಲ್ಲವೇ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ ಇರಲಿ.

4. ನಕ್ಷೆ ಮತ್ತು ಟೇಪು: ಮಂಜೂರಾದ ನಕ್ಷೆ ಕೈಯಲ್ಲಿ ಹಿಡಿದು ಎಂಜಿನಿಯರ್ ಒಬ್ಬರನ್ನು ಕರೆದುಕೊಂಡು ಹೋಗಿ. ಮಹಡಿ ಎಣಿಸಿ, ಸುತ್ತ ಬಿಟ್ಟ ಜಾಗ ಅಳೆಯಿರಿ. ಅವರ ಫೀಸು ಮನೆಯ ಬೆಲೆ ಮುಂದೆ ಏನೂ ಅಲ್ಲ.

5. ಸಾಲ: ಮಾರೋರು ಮನೆ ಮೇಲೆ ಸಾಲ ಮಾಡಿದ್ದರೆ ಮೂಲ ಪತ್ರ ಬ್ಯಾಂಕಿನಲ್ಲಿರುತ್ತೆ. ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಪತ್ರ ವಾಪಸ್ ಕೊಡಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ‘ಪತ್ರ ಬ್ಯಾಂಕಿನಿಂದ ಬರಬೇಕು, ಆರು ತಿಂಗಳಾಗುತ್ತೆ’ ಅನ್ನೋರನ್ನು ಇನ್ನೊಂದು ಪ್ರಶ್ನೆ ಕೇಳಬೇಕು.

6. ಬಾಕಿ: ಆಸ್ತಿ ತೆರಿಗೆ, ಜಲಮಂಡಳಿ ಬಿಲ್ಲು, ಬೆಸ್ಕಾಂ ಬಿಲ್ಲು ಮೂರೂ ಚುಕ್ತಾ ಆಗಿರೋ ರಸೀದಿ ತಗೊಳ್ಳಿ. ಬಾಕಿ ಇದ್ದರೆ ಅದು ಮನೆ ಜೊತೆಗೇ ನಿಮಗೆ ಬರುತ್ತೆ.

ಟೋಕನ್ ಕೊಟ್ಟರೂ ‘ವಕೀಲರ ಪರಿಶೀಲನೆಯಲ್ಲಿ ದೋಷ ಕಂಡರೆ ಇಷ್ಟು ದಿನದಲ್ಲಿ ವಾಪಸ್’ ಅಂತ ಬರೆಸಿಕೊಂಡೇ ಕೊಡಿ. ನಗದು ಬೇಡವೇ ಬೇಡ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚು ನಗದು ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬೆಂಗಳೂರಿನದೇ ಆರ್‌ಬಿಎಎನ್‌ಎಂಎಸ್ ಶಿಕ್ಷಣ ಸಂಸ್ಥೆಯ ಆಸ್ತಿ ಪ್ರಕರಣ ಇದಕ್ಕೆ ಉದಾಹರಣೆ. 75 ಲಕ್ಷ ನಗದು ಮುಂಗಡ ಕೊಟ್ಟಿದ್ದೇವೆ ಅಂತ ಕೋರ್ಟಿಗೆ ಬಂದವರ ದಾವೆ ನಿಲ್ಲಲಿಲ್ಲ. 2 ಲಕ್ಷ ಮೀರಿದ ನಗದು ವ್ಯವಹಾರ ಕಂಡರೆ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು ಅಂತ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಕೋರ್ಟುಗಳಿಗೂ ಸಬ್ ರಿಜಿಸ್ಟ್ರಾರ್‌ಗಳಿಗೂ ಹೇಳಿತು.

80 ಲಕ್ಷದ ಮನೆ ಎಷ್ಟಕ್ಕೆ ಬೀಳುತ್ತೆ

ಲೆಕ್ಕಕ್ಕೆ 80 ಲಕ್ಷದ ಮನೆ ಅಂತ ಇಟ್ಟುಕೊಳ್ಳೋಣ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ ಶೇ 2. ಒಟ್ಟು ಶೇ 7.6, ಅಂದರೆ 6.08 ಲಕ್ಷ ರೂಪಾಯಿ. 2025ರ ಆಗಸ್ಟ್ ಕೊನೆಗೆ ಮುಂಚೆ ಇದೇ ಮನೆಗೆ 5.28 ಲಕ್ಷ ಆಗ್ತಿತ್ತು. ಹೆಚ್ಚಳ 80,000. ಶುಲ್ಕ ಹಾಕೋದು ಮಾರ್ಗಸೂಚಿ ಬೆಲೆ, ನೀವು ಕೊಟ್ಟ ಬೆಲೆ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ. 45 ಲಕ್ಷದೊಳಗಿನ ಹೊಸ ಫ್ಲಾಟಿನ ಮೊದಲ ನೋಂದಣಿಗೆ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿ ಇದೆ, ನಿಮ್ಮದು ಅದಾದರೆ ಕೇಳಿ ಪಡೆಯಿರಿ.

ಬ್ಯಾಂಕು ಎಷ್ಟು ಕೊಡುತ್ತೆ? ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ ಶೇ 90, 30ರಿಂದ 75 ಲಕ್ಷದ ಸಾಲಕ್ಕೆ ಶೇ 80, ಅದಕ್ಕೂ ಹೆಚ್ಚಿನದಕ್ಕೆ ಶೇ 75 ಮಿತಿ. ಈ ಬೆಲೆಯಲ್ಲಿ ನೋಂದಣಿ ಖರ್ಚು ಸೇರಲ್ಲ. ಹಾಗಾದರೆ 80 ಲಕ್ಷದ ಮನೆಗೆ ಸಿಗೋ ಗರಿಷ್ಠ ಸಾಲ 64 ಲಕ್ಷ. ಕೈಯಿಂದ ಹಾಕಬೇಕಾದ್ದು 16 ಲಕ್ಷ, ಅದರ ಮೇಲೆ 6.08 ಲಕ್ಷ, ಒಟ್ಟು 22 ಲಕ್ಷ ದಾಟಿತು. ವಕೀಲರು, ಎಂಜಿನಿಯರ್, ಬ್ರೋಕರ್ ಕಮಿಷನ್, ಸುಣ್ಣಬಣ್ಣ ಇನ್ನೂ ಬಂದಿಲ್ಲ. 64 ಲಕ್ಷಕ್ಕೆ ಶೇ 8ರ ಬಡ್ಡಿ, 20 ವರ್ಷ ಅಂದ್ರೆ ತಿಂಗಳ ಕಂತು ಸುಮಾರು 53,500.

50 ಲಕ್ಷ ಮತ್ತು ಮೇಲ್ಪಟ್ಟ ಮನೆಯಾದರೆ ಮಾರೋರಿಗೆ ಕೊಡೋ ಹಣದಲ್ಲಿ ಶೇ 1 ಟಿಡಿಎಸ್ ಹಿಡಿದು ಆದಾಯ ತೆರಿಗೆ ಇಲಾಖೆಗೆ ಕಟ್ಟೋದು ಕೊಳ್ಳೋರ ಕೆಲಸ. 80 ಲಕ್ಷಕ್ಕೆ 80,000. ಇದು ಹೆಚ್ಚುವರಿ ಖರ್ಚಲ್ಲ, ಆದರೆ ಮರೆತರೆ ಬಡ್ಡಿ, ದಂಡ ನಿಮಗೇ.

ಈಗಾಗಲೇ ಸಾಲ ಇರೋರಿಗೂ ಒಂದು ಕೆಲಸ ಇದೆ. 2025ರ ಫೆಬ್ರುವರಿಯಿಂದ ಡಿಸೆಂಬರ್ ನಡುವೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 6.5ರಿಂದ 5.25ಕ್ಕೆ ಇಳಿಸಿತು. ನಿಮ್ಮ ಸಾಲದ ಬಡ್ಡಿ ಇಳಿದಿದೆಯಾ, ಇಳಿದಿದ್ದರೆ ಕಂತು ಕಡಿಮೆ ಆಯ್ತಾ ಇಲ್ಲ ಅವಧಿ ಕಡಿಮೆ ಆಯ್ತಾ, ಬ್ಯಾಂಕಿಗೆ ಹೋಗಿ ಕೇಳಿ. ಬದಲಾಗೋ ಬಡ್ಡಿಯ ಗೃಹಸಾಲವನ್ನು ಮುಂಚಿತವಾಗಿ ತೀರಿಸಿದರೆ ವ್ಯಕ್ತಿಗಳಿಗೆ ದಂಡ ಇಲ್ಲ. ಚೀಟಿ ಹಣವೋ ಬೋನಸ್ಸೋ ಬಂದರೆ ಮೊದಲು ಅಸಲಿಗೆ ಹಾಕೋದು ಲಾಭ.

ಮನೆ ಸಿಕ್ಕ ಮೇಲೆ ನಡೆಸೋ ಲೆಕ್ಕ

*ನೀರು:* 2014ರ ನಂತರ ಮೊದಲ ಸಲ ಜಲಮಂಡಳಿ 2025ರ ಏಪ್ರಿಲ್‌ನಲ್ಲಿ ದರ ಏರಿಸಿತು, ಮುಂದೆ ಪ್ರತಿ ಏಪ್ರಿಲ್‌ಗೆ ಶೇ 3 ಏರಿಕೆ ಅಂತಲೂ ಹೇಳಿದೆ. ಬಳಕೆ ಹೆಚ್ಚಾದಂತೆ ದರವೂ ಹೆಚ್ಚು. ತಲೆಗೆ ದಿನಕ್ಕೆ 135 ಲೀಟರ್ ಲೆಕ್ಕ ಹಿಡಿದರೆ ನಾಲ್ವರ ಮನೆಗೆ ತಿಂಗಳಿಗೆ 16,200 ಲೀಟರ್. ಒಂದೇ ಸಂಪರ್ಕದಲ್ಲಿ ಮೂರು ಮನೆ ಇದ್ದರೆ 48,000 ದಾಟುತ್ತೆ, ಮೇಲಿನ ಸ್ಲ್ಯಾಬಿಗೆ ಹೋಗುತ್ತೆ. ಬಾಡಿಗೆದಾರರಿಗೆ ‘ನೀರಿಗೆ ಇಷ್ಟು’ ಅಂತ ಅಂದಾಜಲ್ಲಿ ಹೇಳೋ ಬದಲು ಮಹಡಿಗೊಂದು ಸಣ್ಣ ಮೀಟರ್ ಹಾಕಿಸಿದರೆ ಜಗಳವೂ ತಪ್ಪುತ್ತೆ, ನೀರೂ ಉಳಿಯುತ್ತೆ.

ಕೊಳ್ಳೋ ಮುಂಚೆ ಅಕ್ಕಪಕ್ಕದ ಮನೆಯವರನ್ನ ಕೇಳಿ: ‘ಅಮ್ಮಾ, ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತೆ, ಏಪ್ರಿಲ್‌ನಲ್ಲಿ ಟ್ಯಾಂಕರ್ ಹಾಕಿಸ್ತೀರಾ?’ 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಬಂದು, ಜಿಲ್ಲಾಡಳಿತವೇ ಟ್ಯಾಂಕರ್ ದರ ಗೊತ್ತು ಮಾಡಬೇಕಾಗಿ ಬಂದಿತ್ತು. ಆ ಬೇಸಿಗೆ ಹೇಗೆ ಕಳೆದಿರಿ ಅಂತ ಕೇಳಿದರೆ ಆ ರಸ್ತೆಯ ನೀರಿನ ಪೂರ್ತಿ ಸ್ಥಿತಿ ಗೊತ್ತಾಗುತ್ತೆ.

30×40 ಮತ್ತು ಮೇಲ್ಪಟ್ಟ ಸೈಟಿನ ಹೊಸ ಮನೆಗೆ ಮಳೆನೀರು ಕೊಯ್ಲು 2009ರಿಂದ ಕಡ್ಡಾಯ. ಇಲ್ಲದಿದ್ದರೆ ನೀರಿನ ಬಿಲ್ಲಿಗೇ ದಂಡ ಸೇರಿ ಬರುತ್ತೆ. ಬೆಂಗಳೂರಿನ ವರ್ಷದ ಸರಾಸರಿ ಮಳೆ ಸುಮಾರು 970 ಮಿಲಿಮೀಟರ್. 1,000 ಚದರಡಿ ತಾರಸಿ ಮೇಲೆ ಬೀಳೋದು ಹತ್ತಿರ ಹತ್ತಿರ 90,000 ಲೀಟರ್. ಮುಕ್ಕಾಲು ಭಾಗ ಸಂಪಿಗೆ ಇಳಿದರೂ ನಾಲ್ವರ ಮನೆಗೆ ನಾಲ್ಕು ತಿಂಗಳ ನೀರು.

*ಕರೆಂಟು:* ಗೃಹಜ್ಯೋತಿ ಮನೆ ಬದಲಾದರೆ ತಾನಾಗೇ ಬರಲ್ಲ. ಹಿಂದೆ ಇದ್ದವರ ಆಧಾರ್ ಜೋಡಣೆ ಬಿಡಿಸಿ, ನಿಮ್ಮದನ್ನು ಸೇರಿಸಬೇಕು. ಸೇವಾಸಿಂಧು ಪೋರ್ಟಲ್‌ನಲ್ಲಿ ಅದಕ್ಕೆ ಅವಕಾಶ ಇದೆ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಬಿಲ್ಲು ಪೂರ್ತಿ ಕಟ್ಟಬೇಕು. ಮಂಜೂರಾದ ಲೋಡು ಎಷ್ಟು ಕಿಲೋವ್ಯಾಟ್ ಅಂತಲೂ ನೋಡಿ, ಸ್ಥಿರ ಶುಲ್ಕ ಅದರ ಮೇಲೆ ಬೀಳೋದು.

*ತೆರಿಗೆ, ಕಸ:* ಆಸ್ತಿ ತೆರಿಗೆಯನ್ನು ಆರ್ಥಿಕ ವರ್ಷದ ಮೊದಲ ತಿಂಗಳಲ್ಲೇ ಒಂದೇ ಕಂತಿನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ. 2025ರ ಏಪ್ರಿಲ್‌ನಿಂದ ಅದರ ಜೊತೆಗೇ ಕಸ ವಿಲೇವಾರಿ ಶುಲ್ಕ ಬರ್ತಿದೆ. ಕಟ್ಟಡದ ವಿಸ್ತೀರ್ಣ 600 ಚದರಡಿವರೆಗೆ ತಿಂಗಳಿಗೆ 10 ರೂಪಾಯಿ, 1,000ದವರೆಗೆ 50, 2,000ದವರೆಗೆ 100, 3,000ದವರೆಗೆ 150, 4,000ದವರೆಗೆ 200, ಅದರ ಮೇಲೆ 400. ಮೂರು ಮಹಡಿ ಸೇರಿ 2,400 ಚದರಡಿ ಇದ್ದರೆ ವರ್ಷಕ್ಕೆ 1,800 ರೂಪಾಯಿ ಆಯ್ತು.

ಕಂತು ಬಿಟ್ಟು ಈ ಎಲ್ಲ ಖರ್ಚನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಮೋಟ್ರು ರಿಪೇರಿ, ಸಂಪು ಕ್ಲೀನಿಂಗು, ತಾರಸಿ ಸೋರಿಕೆ, ಐದು ವರ್ಷಕ್ಕೊಮ್ಮೆ ಬಣ್ಣಕ್ಕೆ ಅಂತ ತಿಂಗಳಿಗೆ ಒಂದಿಷ್ಟು ಎತ್ತಿಡಿ. ಬಾಡಿಗೆ ವರ್ಷದ 12 ತಿಂಗಳೂ ಬರುತ್ತೆ ಅಂತ ಲೆಕ್ಕ ಹಾಕಬೇಡಿ. ಒಂದು ಮನೆ ಖಾಲಿಯಾಗಿ ಮತ್ತೆ ತುಂಬೋಕೆ ತಿಂಗಳು ಹಿಡಿಯುತ್ತೆ, 10 ತಿಂಗಳ ಬಾಡಿಗೆ ಅಂತ ಹಿಡಿಯೋದು ಕ್ಷೇಮ.

ಇನ್ನು ಆಗಬೇಕಾದ್ದು

ಸರ್ಕಾರದ ವಿನಾಯಿತಿಯಿಂದ ಸಣ್ಣ ಸೈಟಿನವರಿಗೆ ಉಸಿರಾಡಲು ಜಾಗ ಸಿಕ್ಕಿದ್ದು ನಿಜ. ಆದರೆ ವಿನಾಯಿತಿಯ ಗೆರೆಗೆ ಸ್ವಲ್ಪವೇ ಆಚೆ ಇರುವ, ನೆಲಮಹಡಿ ಮೇಲೆ ಮೂರು ಮಹಡಿ ಕಟ್ಟಿಕೊಂಡವರಿಗೆ ದಾರಿ ಯಾವುದು ಅನ್ನೋ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಹೊಸ ಪಾಲಿಕೆ ಎರಡು ಕೆಲಸ ಮಾಡಿದರೆ ಜನರಿಗೆ ಅನುಕೂಲ. ಒಂದು, ಪ್ರತಿ ಆಸ್ತಿಯ ಮಂಜೂರಾದ ನಕ್ಷೆಯನ್ನು ಇ-ಖಾತಾ ಜೊತೆಗೇ ಯಾರು ಬೇಕಾದರೂ ನೋಡೋ ಹಾಗೆ ಇಡೋದು. ಆಗ ಬ್ರೋಕರ್ ಮಾತು ನಂಬೋ ಪ್ರಮೇಯವೇ ಬರಲ್ಲ. ಇನ್ನೊಂದು, ವಾರ್ಡ್ ಕಚೇರಿಯಲ್ಲಿ ಎ ಖಾತಾ, ಓಸಿ ವಿನಾಯಿತಿ ವಿವರವನ್ನು ಕನ್ನಡದಲ್ಲಿ ಬೋರ್ಡು ಬರೆದು ಹಾಕೋದು.

ಅದು ಆಗೋವರೆಗೆ ಕೊಳ್ಳೋರೇ ಎಚ್ಚರ ಇರಬೇಕು. ‘ಇವತ್ತೇ ಟೋಕನ್ ಹಾಕಿ ಸಾರ್, ಇನ್ನೊಂದು ಪಾರ್ಟಿ ಕಾಯ್ತಿದೆ’ ಅಂದರೆ ಹಾಕಲಿ ಬಿಡಿ. ಇಸಿ, ನಕ್ಷೆ, ವಂಶವೃಕ್ಷ ಕೈಗೆ ಬಂದು, ಮಹಡಿ ಎಣಿಸಿ ನೋಡಿದ ಮೇಲೆ ನೀವು ಹಣ ಕೊಡಿ. ಮಾರೋ ಯೋಚನೆಯಲ್ಲಿರೋರೂ ಇದೇ ಕಾಗದಗಳನ್ನು ಈಗಲೇ ಜೋಡಿಸಿಟ್ಟುಕೊಂಡರೆ ಬೆಲೆ ಮಾತಾಡುವಾಗ ಅವರ ಕೈ ಮೇಲಿರುತ್ತೆ.